ನನ್ನ ಹೆಸರಿನಲ್ಲಿ ಜೋಡಿ ಮುಂಗಡ

ಹುಣಸೂರಿನ ವಕೀಲರೊಬ್ಬರ ನೋಟೀಸು ನನ್ನ ಕೈಗೆ ಬಂದದ್ದು ಶಾಲೆಯಲ್ಲಿ, ಮಗ್ಗಿ ಹೇಳಿಸುವ ಹೊತ್ತಿಗೆ. ಯುದ್ಧ ನಡೆಯುತ್ತಿದ್ದ ವರ್ಷಗಳು. ಪಿರಿಯಾಪಟ್ಟಣಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ. ಆ ಶಾಲೆಗೆ ಇದ್ದದ್ದು ನಾನೊಬ್ಬಳೇ. ಪಾಠ ಹೇಳುವವಳೂ ನಾನೇ, ಕಸ ಗುಡಿಸುವವಳೂ ನಾನೇ. ಟಪಾಲಿನವನು ಬಾಗಿಲಲ್ಲಿ ನಿಂತು ಲಕೋಟೆಯ ಮೇಲಿನ ವಿಳಾಸ ಓದಿದ, ನನ್ನ ಮುಖ ನೋಡಿದ, ಮತ್ತೆ ವಿಳಾಸ ಓದಿದ.

“ನಿಮ್ಗೆ ಮದ್ವೆ ಆಗಿದ್ದು ಯಾವಾಗ್ರವ್ವ? ನಮ್ಗೊಂದು ಮಾತು ಏಳ್ನೇ ಇಲ್ವಲ್ಲ,” ಎಂದ.

ವಿಳಾಸದಲ್ಲಿ ನನ್ನ ಹೆಸರಿತ್ತು. ಅದರ ಮುಂದೆ, ಇಂಥವನ ಹೆಂಡತಿ ಎಂದಿತ್ತು. ಮಗ್ಗಿ ಹೇಳುತ್ತಿದ್ದ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಕಿವಿ ತೆರೆದರು. ಅವತ್ತು ಸಂಜೆಯೊಳಗೆ ಆ ಸುದ್ದಿ ಊರಿನ ಎಲ್ಲ ಒಲೆಗಳ ಮುಂದೆಯೂ ಕೂತಿರುತ್ತದೆ ಎಂದು ನನಗೆ ಗೊತ್ತಾಯಿತು. ರುಜು ಹಾಕಿ ಲಕೋಟೆ ತೆಗೆದುಕೊಂಡೆ.

ಒಳಗಿದ್ದದ್ದು ಇಷ್ಟು: ನೀವೂ ನಿಮ್ಮ ಗಂಡನೂ ಸೇರಿ, ಕೊಡಗಿನ ಕಾಫಿ ತೋಟದಲ್ಲಿ ದುಡಿಯುವುದಾಗಿ ಒಪ್ಪಿ, ನಮ್ಮ ಕಕ್ಷಿದಾರರಾದ ಮೇಸ್ತ್ರಿಯಿಂದ ಜೋಡಿ ಮುಂಗಡ ಪಡೆದಿರುತ್ತೀರಿ. ನಿಮ್ಮ ಗಂಡ ತೋಟ ಬಿಟ್ಟು ಓಡಿಹೋಗಿರುತ್ತಾನೆ. ನೀವು ತೋಟಕ್ಕೆ ಬಂದೇ ಇರುವುದಿಲ್ಲ. ಆದ್ದರಿಂದ ಪೂರ್ತಿ ಹಣವನ್ನು ನೀವು ಕಟ್ಟತಕ್ಕದ್ದು, ತಪ್ಪಿದರೆ ನಿಮ್ಮ ಸಂಬಳ ಜಪ್ತಿಗೆ ಕೋರ್ಟಿಗೆ ಹೋಗಲಾಗುವುದು. ನಾನು ಕಾಫಿ ಗಿಡವನ್ನು ಆವರೆಗೆ ಕಣ್ಣಲ್ಲಿ ಕಂಡಿರಲಿಲ್ಲ.

ಗಂಡ ಎಂದು ಬರೆದಿದ್ದವನು ಮಾತ್ರ ನನಗೆ ಗೊತ್ತಿದ್ದವನೇ. ನನ್ನ ಸೋದರತ್ತೆಯ ಮಗ, ಅಪ್ಪನ ಅಕ್ಕನ ಮಗ. ನಮ್ಮಲ್ಲಿ ಅತ್ತೆಯ ಮಗನಿಗೆ ಮಾವನ ಮಗಳು ಹಕ್ಕಿನ ಹೆಣ್ಣು. ನಾನು ತೊಟ್ಟಿಲಲ್ಲಿದ್ದಾಗಲೇ ಅತ್ತೆ ಬಂದು ನನ್ನ ಕೈಗೆ ಬಳೆ ತೊಡಿಸಿ, ಇವಳು ನಮ್ಮವಳು ಎಂದು ಹೇಳಿ ಹೋಗಿದ್ದಳಂತೆ. ಅಪ್ಪ ನನ್ನನ್ನು ಓದಲು ಬಿಟ್ಟ. ಅಪ್ಪ ಸತ್ತ ಮೇಲೆ ನಾನು ಕೆಲಸಕ್ಕೆ ಸೇರಿದೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅತ್ತೆ ಬಂದು ಜಗಲಿಯ ಮೇಲೆ ಕೂರುವಳು. ಪ್ರತಿ ವರ್ಷ ನಾನು, ಈ ಸಲ ಬೇಡ ಅತ್ತೆ, ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದಾರೆ ಎಂದು ಏನಾದರೊಂದು ಹೇಳುವೆನು. ಬೇಡ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಕೊಡಲ್ಲ ಎಂದು ಅವ್ವ ಹೇಳಲಿಲ್ಲ. ಹೀಗೆ ಹಕ್ಕಿನ ಗಂಡೊಬ್ಬ ಇರುವಾಗ ಬೇರೆ ಯಾರೂ ಬಂದು ನನ್ನನ್ನು ಕೇಳುವ ಹಾಗೂ ಇರಲಿಲ್ಲ. ಬಾವನನ್ನು ಕಂಡರೆ ನನಗೆ ಸಿಟ್ಟೇನೂ ಇರಲಿಲ್ಲ. ಮದುವೆಯಾದರೆ ಶಾಲೆ ಬಿಡಬೇಕು, ಅಷ್ಟೇ. ಅವನು ಇದರ ಬಗ್ಗೆ ಒಂದು ದಿನವೂ ನನ್ನೊಡನೆ ಮಾತಾಡಿರಲಿಲ್ಲ.

ನೋಟೀಸನ್ನು ಓದಿ ಹೇಳಿದಾಗ ಅವ್ವ ಹೆದರಲಿಲ್ಲ. ಅವಳ ಮುಖ ಹಗುರಾದ ಹಾಗೆ ಕಂಡಿತು.

“ಕಟ್ಬುಡು ಅತ್ಲಾಗೆ,” ಎಂದಳು. “ಅವ್ನೇನು ಪರದೇಸಿನಾ? ಇವತ್ತಲ್ಲ ನಾಳೆ ಅವ್ನ ಸಾಲ ನಿಂದೇ ತಾನೆ.”

“ನಾನು ಮಾಡಿದ ಸಾಲ ಅಲ್ಲ ಅವ್ವ.”

“ಅಲ್ದಿದ್ರೆ ಅಲ್ಲ. ಕೋಲ್ಟು ಕಚೇರಿ ಅಂತ ಅಲಿಯೋದ್ಕಿಂತ ಕಟ್ಟೋದೇ ಸಲೀಸು.”

ಅವಳು ಹೇಳಿದ್ದು ಸುಳ್ಳಲ್ಲ, ಸಲೀಸೇ. ಮುಂದಿನ ದಿನಗಳಲ್ಲಿ ಎಷ್ಟೋ ಸಲ, ಕಟ್ಟಿ ಕೈತೊಳೆದುಕೊಂಡುಬಿಡೋಣ ಎಂದು ನನಗೂ ಅನ್ನಿಸಿತು. ಆದರೆ ಕಟ್ಟಿದರೆ ಹೆಂಡತಿ ಎಂದು ಒಪ್ಪಿಕೊಂಡ ಹಾಗೆ. ತೊಟ್ಟಿಲಲ್ಲಿ ತೊಡಿಸಿದ ಬಳೆಯಿಂದ ಆಗದಿದ್ದದ್ದು ಒಂದು ರಸೀದಿಯಿಂದ ಆಗಿಹೋಗುತ್ತಿತ್ತು.

ತೋಟಗಳಿಗೆ ಆಳು ಕೂಡಿಸುವ ಆ ಮೇಸ್ತ್ರಿ ಸಂತೆಯ ದಿನ ಪಿರಿಯಾಪಟ್ಟಣಕ್ಕೆ ಬರುತ್ತಾನೆ ಎಂದು ಗೊತ್ತಿತ್ತು. ಸಂತೆಮಾಳದ ಅಂಚಿನಲ್ಲಿ ಹೊಂಗೆ ಮರದ ಕೆಳಗೆ ಕಂಬಳಿ ಹಾಸಿ ಕೂರುತ್ತಿದ್ದ. ಆಳುಗಳು ಒಬ್ಬೊಬ್ಬರಾಗಿ ಬಂದು ಮುಂಗಡ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ನಾನು ಯಾರು ಎಂದು ಹೇಳಿದಾಗ ಅವನು ಎದ್ದು ನಿಂತ. ಕೆಟ್ಟವನಂತೆ ಕಾಣಲಿಲ್ಲ. ಅದೇ ನನಗೆ ಕಷ್ಟವಾಯಿತು, ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು.

“ಒಂಟಿ ಆಳ್ನ ತೋಟ್ದೋರು ತಕಳಾಕಿಲ್ಲ ಕಣವ್ವ,” ಎಂದ. “ಒಂಟಿ ಆದ್ರೆ ಮುಂಗಡ ತಿಂದು ಓಡೋಯ್ತನೆ. ಎಂಡ್ತಿ ಜೊತೇಲಿದ್ರೆ ನಿಂತ್ಕತನೆ. ಗಂಡು ಗುಂಡಿ ತೋಡಾಕೆ, ಎಣ್ಣು ಅಣ್ಣು ಕೀಳಾಕೆ. ಅದ್ಕೇ ಜೋಡಿ ಯಾರಪ್ಪ ಅಂದೆ. ನಿಮ್ಮೆಸ್ರು ಏಳ್ದ. ರಾಗಿ ಕುಯ್ಲು ಮುಗುಸ್ಕೊಂಡು ಇಂದ್ಲಿಂದ ಬತ್ತಳೆ ಅಂದ.”

“ನೀವು ವಿಚಾರಿಸಲಿಲ್ವಾ?”

“ವಿಚಾರ್ಸ್ದೆ ಕಣವ್ವ. ಅವ್ರೂರ್ನೋರು ಇಬ್ರು ಕೂತಿದ್ರು ಇಲ್ಲೇ. ಊ ಕಣ, ಅವ್ನ ಎಣ್ಣೇ ಅಂದ್ರು.”

ಹಾಗೆ ಹೇಳಿದವರು ಮೋಸಗಾರರಲ್ಲ. ಹಕ್ಕಿನ ಹೆಣ್ಣು ಎಂದರೆ ಅವರ ಲೆಕ್ಕದಲ್ಲಿ ಹೆಂಡತಿಯೇ, ತಾಳಿ ಕಟ್ಟುವುದೊಂದು ಬಾಕಿ. ಅವರೆಲ್ಲರೂ ಒಪ್ಪಿಕೊಂಡಿದ್ದ ಮದುವೆಯನ್ನು ಇಲ್ಲ ಎಂದು ಹೇಳುತ್ತ ಸಂತೆಯ ನಡುವೆ ನಿಂತಿದ್ದವಳು ನಾನೊಬ್ಬಳೇ. ಕಾಗದ ವಕೀಲರ ಕೈಗೆ ಹೋಗಿದೆ, ತನ್ನದೇನೂ ಇಲ್ಲ, ಅವರನ್ನೇ ಕೇಳಿ ಎಂದು ಮೇಸ್ತ್ರಿ ಕೈಮುಗಿದ.

ಮುಂದಿನ ರಜೆಯ ದಿನ ಹುಣಸೂರಿಗೆ ಹೋದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಏರು ಬಂದಲ್ಲೆಲ್ಲ ನಾವು ಇಳಿದು ನಡೆಯುವುದು, ಬಸ್ಸು ನಮ್ಮ ಹಿಂದೆ ಕೆಮ್ಮುತ್ತ ಬರುವುದು. ವಕೀಲರ ಮನೆ ಮುಟ್ಟುವಾಗ ನನ್ನ ಸೀರೆಯ ತುಂಬ ಮಸಿ ಹಿಡಿದಿತ್ತು.

ನನ್ನ ಪರವಾಗಿ ವಕೀಲರನ್ನು ಇಡುವ ಶಕ್ತಿ ನನಗಿರಲಿಲ್ಲ. ಆದ್ದರಿಂದ ಮೇಸ್ತ್ರಿಯ ವಕೀಲರ ಮುಂದೆಯೇ ನಿಂತು, ಈ ಸಾಲ ನನ್ನದಲ್ಲ ಎಂದೆ.

“ಎಲ್ಲರೂ ಹಾಗೇ ಹೇಳ್ತಾರಮ್ಮ,” ಎಂದರು ಅವರು, ಕಡತದಿಂದ ತಲೆ ಎತ್ತದೆ.

“ನನಗೆ ಮದುವೆಯೇ ಆಗಿಲ್ಲ.”

ಈಗ ತಲೆ ಎತ್ತಿದರು. “ಆಗಿಲ್ಲ ಅನ್ನೋದಕ್ಕೆ ಏನಾಧಾರ?”

ಆದ ಮದುವೆಗಾದರೆ ಪುರೋಹಿತರು, ಓಲಗದವರು, ಉಂಡವರು ಎಲ್ಲ ಸಾಕ್ಷಿ ಹೇಳುತ್ತಾರೆ. ಆಗದ ಮದುವೆಗೆ ಯಾರನ್ನು ಕರೆತರುವುದು? ನನ್ನ ಬರಿಯ ಕತ್ತನ್ನು ತೋರಿಸಿದೆ. ತಾಳಿ ತೆಗೆದಿಟ್ಟು ಬರುವವರೂ ಇದ್ದಾರಮ್ಮ ಎಂದರು. ಅವರಿಗೆ ನನ್ನ ಮೇಲೆ ದ್ವೇಷವೇನಿಲ್ಲ. ಊಟದ ಹೊತ್ತು ಮೀರಿತ್ತು, ಅವರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು.

“ನೋಡಮ್ಮ, ಸಂಬಳದ ಮೇಲೆ ಜಪ್ತಿ ತಂದರೆ ನಿಮ್ಮ ಇಲಾಖೆಯವರು ನೂರೆಂಟು ಪ್ರಶ್ನೆ ಕೇಳ್ತಾರೆ. ಮೂರು ಕಂತು ಮಾಡಿಕೊಡ್ತೀನಿ, ಕಟ್ಟಿಬಿಡಿ. ರಸೀದಿ ಕೊಡಿಸ್ತೀನಿ.”

“ರಸೀದಿಯಲ್ಲಿ ನನ್ನ ಹೆಸರು ಹೇಗೆ ಬರೀತೀರಿ?”

“ನೋಟೀಸಿನಲ್ಲಿ ಇರೋ ಹಾಗೇ.”

ನಾನು ಅಲ್ಲಿಂದ ಏಳಲಿಲ್ಲ. ಎದ್ದು ಹೋಗಿದ್ದರೆ ಆ ಹೆಸರೇ ಉಳಿಯುತ್ತಿತ್ತು. ಕೊನೆಗೆ ಅವರು ಬೇಸತ್ತು ಒಂದು ದಾರಿ ಹೇಳಿದರು. ಆ ಮನುಷ್ಯನೇ, ಇವಳು ನನ್ನ ಹೆಂಡತಿಯಲ್ಲ, ಇವಳಿಗೆ ತಿಳಿಸದೆ ಹೆಸರು ಕೊಟ್ಟೆ ಎಂದು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಕೊಡಲಿ. ಕೊಟ್ಟರೆ ನಿಮ್ಮ ಹೆಸರು ತೆಗೆಯುತ್ತೇನೆ, ಕೊಡದಿದ್ದರೆ ಕೋರ್ಟಿನಲ್ಲಿ ನೋಡೋಣ ಎಂದರು.

ಅತ್ತೆಯ ಊರು ಕೃಷ್ಣರಾಜನಗರದ ಆಚೆ, ಕಾವೇರಿಯ ನಾಲೆ ಬಯಲಿನಲ್ಲಿ. ಅವ್ವನ ಬಾಯಲ್ಲಿ ಆ ಪಟ್ಟಣ ಕೊನೆಯವರೆಗೂ ಎಡತೊರೆಯೇ. ಒಂದು ಬಸ್ಸು, ಒಂದು ಗಾಡಿ, ಉಳಿದದ್ದು ಕಾಲು. ದಾರಿಯುದ್ದಕ್ಕೂ ನಾನು ಬಾವನನ್ನು ಬೈಯುತ್ತ ಹೋದೆ. ಹೀಗೆ ಕೇಳುತ್ತೇನೆ, ಹಾಗೆ ಕೇಳುತ್ತೇನೆ, ನಿನಗೆ ಯಾರು ಅಧಿಕಾರ ಕೊಟ್ಟರು ಎನ್ನುತ್ತೇನೆ ಎಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ.

ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದವನನ್ನು ಮೊದಲು ಯಾರೋ ಮುದುಕ ಎಂದುಕೊಂಡೆ. ಬಾವನೇ. ಚಳಿಜ್ವರ. ಕಣ್ಣು ಹಳದಿಯಾಗಿ, ಜ್ವರಗಡ್ಡೆ ಬೆಳೆದು ಹೊಟ್ಟೆ ಊದಿಕೊಂಡಿತ್ತು. ತೋಟದಿಂದ ಓಡಿ ಬಂದವನಲ್ಲ, ನಡೆಯಲಾಗದೆ ಬಿದ್ದವನನ್ನು ಯಾರೋ ಗಾಡಿಗೆ ಹಾಕಿ ಕಳಿಸಿದ್ದರು. ಕ್ವಿನೈನು ಕೂಡ ಸಿಗುತ್ತಿರಲಿಲ್ಲ ಆಗ. ಅತ್ತೆ ನನ್ನನ್ನು ಕಂಡು ಒಳಗೆ ಹೋಗಿ ಮಜ್ಜಿಗೆ ತಂದಿಟ್ಟಳು. ನಾನು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ನೋಟೀಸು ಬಂದದ್ದನ್ನು ಹೇಳಿದೆ. “ನನ್ನ ಹೆಸರು ಯಾಕೆ ಹೇಳ್ದೆ ಬಾವ?” ಎಂದೆ.

ಅವನು ನನ್ನನ್ನೇ ನೋಡಿದ. “ಜೋಡಿ ಯಾರು ಅಂದ್ರು. ಇನ್ಯಾರೆಸ್ರು ಏಳ್ಲಿ ನಾನು?”

ಅದರಲ್ಲಿ ಕುಹಕವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

ವಕೀಲರು ಕೇಳಿದ ಕಾಗದದ ವಿಷಯ ತಿಳಿಸಿದೆ. ಬರಿ, ಒತ್ತಿಕೊಡ್ತೀನಿ ಎಂದ. ಪಕ್ಕದ ಮನೆಯ ಇಬ್ಬರನ್ನು ಅತ್ತೆ ಕರೆದುಕೊಂಡು ಬಂದಳು. ಓದು ಬರಹ ಬಲ್ಲವಳು ಅಲ್ಲಿ ನಾನೊಬ್ಬಳೇ ಆದ್ದರಿಂದ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಅವನ ಬಾಯಿಂದ ನನ್ನನ್ನು ನಾನೇ ಅಲ್ಲಗಳೆಯುತ್ತ, ಶಾಲೆಯಲ್ಲಿ ಕಾಪಿ ಹಾಕಿಕೊಡುವ ದುಂಡು ಅಕ್ಷರದಲ್ಲಿ ಬರೆದೆ. ಇವಳು ನನ್ನ ಹೆಂಡತಿಯಲ್ಲ. ಇವಳಿಗೆ ತಿಳಿಸದೆ ಜೋಡಿ ಎಂದು ಹೆಸರು ಕೊಟ್ಟಿರುತ್ತೇನೆ. ಮುಂಗಡದ ಹಣಕ್ಕೆ ನಾನೊಬ್ಬನೇ ಹೊಣೆ. ಜೋರಾಗಿ ಓದಿ ಹೇಳಿದೆ. ಅತ್ತೆ ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

“ಇನ್ನೊಂದು ಸಾಲು ಆಕು,” ಎಂದ ಬಾವ.

“ಏನಂತ?”

“ಮುಂದ್ಕೂ ಆಗಾಕಿಲ್ಲ ಅಂತ.”

“ವಕೀಲರು ಅದನ್ನ ಕೇಳಿಲ್ಲ ಬಾವ.”

“ಅವ್ರು ಕೇಳ್ನಿಲ್ಲ ಕಣೆ. ನೀನು ಕೇಳ್ತಿದ್ದೆ, ಈಟು ವರ್ಸ. ಬಾಯಿ ಬುಟ್ಟು ಏಳ್ದಿದ್ರೂ ತಿಳಿತಿತ್ತು ನಂಗೆ.” ಉಸಿರು ಸಾಲದೆ ಅವನು ಸ್ವಲ್ಪ ತಡೆದ. “ಆ ಸಾಲು ಇಲ್ದಿದ್ರೆ ಇನ್ನೊಬ್ರು ಯಾರೂ ಕೇಳ್ಕೊಂಡು ಬರಾಕಿಲ್ಲ ನಿನ್ನ. ಬರಿ.”

ಅತ್ತೆ ಒಳಗೆ ಹೋದಳು. ನಾನು ಬರೆದೆ. ವರ್ಷಗಟ್ಟಲೆ ಯಾರಾದರೂ ಆ ಮಾತು ಹೇಳಿಬಿಡಲಿ ಎಂದು ಕಾದಿದ್ದವಳು ನಾನು. ಹೇಳಿದಾಗ ನನಗೆ ಸಂತೋಷವಾಗಲಿಲ್ಲ. ಅವನ ಹೆಬ್ಬೆಟ್ಟನ್ನು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿಸಿದವಳೂ ನಾನೇ. ಜ್ವರದ ಕೈ ಸುಡುತ್ತಿತ್ತು. ನನಗೆ ನೆನಪಿರುವ ಮಟ್ಟಿಗೆ ನಾವಿಬ್ಬರೂ ಕೈ ಮುಟ್ಟಿದ್ದು ಆಗ ಮಾತ್ರ.

ಮತ್ತೆ ಹುಣಸೂರಿಗೆ ಹೋದೆ. ವಕೀಲರು ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. ಸಾಕು, ನಿಮ್ಮ ಹೆಸರು ತೆಗೀತೀನಿ, ಇನ್ನು ನಿಮಗೆ ತೊಂದರೆಯಿಲ್ಲ ಎಂದರು. ಆಮೇಲೆ ಪೆನ್ನು ತೆಗೆದು ಕೊನೆಯ ಸಾಲಿನ ಮೇಲೆ ಇಟ್ಟರು.

“ಇದು ಕೇಸಿಗೆ ಬೇಕಿರಲಿಲ್ಲಮ್ಮ. ಹೊಡೆದು ಹಾಕಲಾ?”

“ಬೇಡ, ಇರಲಿ,” ಎಂದೆ. ಅವನು ಹೇಳಿ ಬರೆಸಿದ್ದು ಅದೊಂದೇ ಸಾಲು.