ಹುಳುಮನೆಯ ಬಾಗಿಲಲ್ಲಿ

ಸುಗಟೂರಿನ ಕದಿರಮ್ಮನ ಮಟ್ಟಿಗೆ ಲೋಕದಲ್ಲಿ ಎರಡೇ ಪಂಗಡ: ಹುಳುಮನೆಯೊಳಗೆ ಬಿಡುವಂಥದ್ದು, ಬಿಡಬಾರದ್ದು. ಇರುವೆ, ಹಲ್ಲಿ, ಇಲಿ, ಅಳಿಲು, ರೇಷ್ಮೆಹುಳದ ಮೈಮೇಲೆ ಮೊಟ್ಟೆಯಿಟ್ಟು ಹೋಗುವ ಊಜಿ ನೊಣ, ಇವೆಲ್ಲ ಎರಡನೆಯದರಲ್ಲಿ. ಪಕ್ಕದ ಟೊಮೇಟೊ ತೋಟದ ಕೋದಂಡರಾಮಪ್ಪನೂ ಅದೇ ಸಾಲಿನಲ್ಲಿ, ಹಲ್ಲಿಯ ಪಕ್ಕಕ್ಕೆ. ಆತ ಮೂರು ಹೊತ್ತೂ ಹೊಗೆಸೊಪ್ಪು ಜಗಿಯುವವನು. ಹೊಗೆಸೊಪ್ಪಿನ ಕೈ ಸೋಕಿದ ಎಲೆ ತಿಂದರೆ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ.

"ನನ್ನ ನೋಡಿದ್ರೆ ನಿನ್ನ ಹುಳಗಳಿಗೆ ಅಷ್ಟು ಭಯಾನೇನಕ್ಕ?" ಎಂದು ಆತ ಹೊಸ್ತಿಲಾಚೆ ನಿಂತೇ ಕೆಣಕುತ್ತಿದ್ದ.

"ನಿನ್ನ ಬಾಯಿ ನೋಡಿದ್ರೆ ನಂಗೇ ಭಯ ಕಣೋ, ಹುಳದ ಮಾತೇನು."

ಗಂಡ ಗಂಗುಲಪ್ಪ ಹೋದ ಮೇಲೆ ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ಕದಿರಮ್ಮನೇ ನಿಂತು ನಡೆಸಿದವಳು. ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲುಗಳನ್ನೆಲ್ಲ ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ನಿಲ್ಲಿಸಿದ್ದಳು. ಕಿಟಕಿಗಳಿಗೆ ಕಬ್ಬಿಣದ ಸರಳು, ಅದರ ಮೇಲೆ ನೊಣದ ಬಲೆ. ಇದ್ದ ಒಂದೇ ಬಾಗಿಲಿಗೂ ಪರದೆಯಂತೆ ಬಲೆ. ಬಾಗಿಲ ಬಲೆಯ ಕೆಳಮೂಲೆ ಯುಗಾದಿ ಹೊತ್ತಿಗೆ ಹರಿದಿತ್ತು. ಹೊಸದು ತರುವ ತನಕ ಇರಲಿ ಎಂದು ಕದಿರಮ್ಮ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವರ ಹಳೆಯ ಬಲೆಯ ತುಂಡೊಂದನ್ನು ಮಡಚಿ ಮಡಚಿ ಅಲ್ಲಿಗೆ ಹೊಲಿದಳು. ಮಡಿಕೆ ಹೆಚ್ಚಾದಷ್ಟೂ ನೊಣಕ್ಕೆ ದಾರಿ ಕಡಿಮೆ ಎಂಬುದು ಅವಳ ಲೆಕ್ಕ. ಮೀನಿನ ಬಲೆ ಇರುವುದು ತಡೆಯುವುದಕ್ಕಲ್ಲ, ಹಿಡಿಯುವುದಕ್ಕೆ ಎಂಬುದು ಆಗ ಹೊಳೆಯಲಿಲ್ಲ.

ಆ ದಿನ ಹುಳು ಹಣ್ಣಾಗಿತ್ತು. ಪೊರೆ ಬಿಡುವ ನಾಲ್ಕು ಜ್ವರ ಕಳೆದು, ತಿಂದು ತಿಂದು ಬಲಿತ ಹುಳು, ಎಲೆ ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವ ದಿನ. ಅಂದೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿ ಹಾಳುಮಾಡುತ್ತವೆ. ಸೊಸೆ ಮುನಿಲಕ್ಷ್ಮಿ, ಏಳು ತಿಂಗಳ ಬಸುರಿ, ಒಳಗೆ ಬಲೆ ಇಳಿಬಿಟ್ಟುಕೊಂಡು ಹಣ್ಣುಹುಳು ಆರಿಸುತ್ತಿದ್ದಳು. ಕದಿರಮ್ಮ ಅಂಗಳದಲ್ಲಿ ಚಂದ್ರಿಕೆಗಳನ್ನು ಬಿಸಿಲಿಗೆ ಕಾಯಿಸಿ ಒರೆಸುತ್ತಿದ್ದಳು.

"ಅತ್ತೆ." ಮುನಿಲಕ್ಷ್ಮಿಯ ದನಿ ಎತ್ತರವಿರಲಿಲ್ಲ. "ಬಾಗಿಲ ಹತ್ರ ಬರ್ಬೇಡಿ. ಅಲ್ಲೇ ನಿಂತ್ಕೊಂಡು ಕೆಳಗೆ ನೋಡಿ."

ನಾಗರಹಾವು. ಇಲಿಯ ಹಿಂದೆ ಯಾವಾಗಲೋ ಒಳಗೆ ಹೋಗಿದ್ದದ್ದು, ಹೊರಗೆ ಬರುವಾಗ ತೇಪೆಯ ಮಡಿಕೆಗಳಲ್ಲಿ ನಡು ಸಿಕ್ಕಿಹಾಕಿಕೊಂಡಿತ್ತು. ತಲೆಯೂ ಮೊಳದುದ್ದದ ಮೈಯೂ ಅಂಗಳಕ್ಕೆ, ಉಳಿದದ್ದು ಒಳಕ್ಕೆ. ಕದಿರಮ್ಮನನ್ನು ಕಂಡದ್ದೇ ಹೆಡೆಯೆತ್ತಿ ಬುಸ್ಸೆಂದಿತು. ಎಳೆದುಕೊಂಡಂತೆಲ್ಲ ದಾರ ಚರ್ಮಕ್ಕೆ ಕಚ್ಚಿ ರಕ್ತ ಜಿನುಗುತ್ತಿತ್ತು.

ಮಗ ಭೀಮರಾಜ್ ತೋಟದಿಂದ ಓಡಿಬಂದ. ಹಿಂದೆಯೇ ಕೋದಂಡರಾಮಪ್ಪ, ಆಮೇಲೆ ಅರ್ಧ ಬೀದಿ. ಮೊಬೈಲುಗಳು ಮೇಲೆದ್ದವು. ಹಾವು ಹಿಡಿಯುವವನಿಗೆ ಫೋನ್ ಮಾಡಿದರೆ, ಮಾಲೂರಿನ ಕಡೆ ಇದ್ದೀನಿ, ಬರೋದು ಸಾಯಂಕಾಲ ಆಗ್ತದೆ ಎಂದ. ಜನ ಹೆಚ್ಚಿದಷ್ಟೂ ಹಾವು ಹಿಂದಕ್ಕೆ, ಒಳಕ್ಕೆ ಎಳೆಯತೊಡಗಿತು. ತೇಪೆಯ ಒಂದೆಳೆ ಟಪ್ಪೆಂದು ಹರಿಯಿತು. ಇನ್ನೆರಡು ಹರಿದರೆ ಅದು ಸ್ಟ್ಯಾಂಡುಗಳ ಕೆಳಗೆ ನುಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ಮುನಿಲಕ್ಷ್ಮಿ ಎಲ್ಲಿಗೆ ಹೋಗಬೇಕು?

ಭೀಮರಾಜನ ಕೈಯಲ್ಲಿ ದೊಣ್ಣೆ ಇತ್ತು, ಎತ್ತಲಾರ. ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ಹಾವು ಹೊಡೆಯಬಾರದು. ಅದು ಅವರ ಮನೆಯ ನಡವಳಿಕೆ.

"ನಮ್ಮನೇಲಿ ಯಾರೂ ಬಸುರಿಲ್ಲ, ಕೊಡೋ ಇತ್ತ," ಎಂದು ಕೋದಂಡರಾಮಪ್ಪ ದೊಣ್ಣೆ ಕಿತ್ತುಕೊಂಡ. "ಪಾಪ ಬಂದ್ರೆ ನಂಗೇ ಬರ್ಲಿ ಬಿಡಕ್ಕ."

ಕದಿರಮ್ಮ ಅಡ್ಡ ನಿಂತಳು. "ನಿನ್ನ ಪಾಪ ನೀನೇ ಮಡಿಕ್ಕೋ. ಏಟು ತಪ್ಪಿ ಬಲೆ ಹರಿದ್ರೆ ಅದು ಯಾವ ಕಡೆ ಹೋಗ್ತೈತೆ, ಅದನ್ನ ಹೇಳು."

ಆತ ದೊಣ್ಣೆ ಕೆಳಗಿಳಿಸಿದ.

ಕದಿರಮ್ಮ ಹಾವನ್ನೇ ನೋಡುತ್ತ ನಿಂತಳು. ಯಾರಾದರೂ ಹೆಜ್ಜೆ ಎತ್ತಿಟ್ಟರೆ ಅದು ಒಳಕ್ಕೆ ಎಳೆಯುತ್ತಿತ್ತು. ಎಲ್ಲರೂ ಉಸಿರು ಹಿಡಿದರೆ ಮೆಲ್ಲನೆ ಹೊರಕ್ಕೆ. ಮತ್ತೆ ಯಾರೋ ಕೆಮ್ಮಿದರು, ಕಾಲು ಕದಲಿತು, ಮತ್ತೆ ಒಳಕ್ಕೆ. ಅದಕ್ಕೆ ಬೇಕಾದದ್ದು ಬಾಗಿಲಲ್ಲ, ಮನುಷ್ಯರಿಲ್ಲದ ದಿಕ್ಕು. ಆ ದಿಕ್ಕಿಗೆ ಅಡ್ಡವಾಗಿ ಇಡೀ ಬೀದಿಯೇ ನಿಂತಿತ್ತು.

"ಭೀಮಾ, ಸೊಪ್ಪು ಕತ್ತರಿಸೋ ಕತ್ತರಿ ಹಿಂದಿನ ಕಿಟಕೀಲಿ ಅವಳಿಗೆ ಕೊಡು. ಬಲೆ ಒಂಚೂರು ಸರಿಸಿ ಕೊಟ್ಟು ಮತ್ತೆ ಮುಚ್ಚು. ಮಿಕ್ಕೋರೆಲ್ಲ ರಸ್ತೆಗೆ ನಡೀರಿ. ಅಲ್ಲಿ ನಿಂತು ನೋಡ್ತೀನಿ ಅನ್ನೋರೂ ಹೋಗಿ."

"ಅವಳ ಕೈಲಿ ಮಾಡುಸ್ತೀಯಾ ಅಮ್ಮಾ?" ಭೀಮರಾಜ್ ನಿಂತಲ್ಲೇ ನಿಂತ.

"ತಲೆ ನನ್ನ ಕಡೆ ಐತೆ, ಬಾಲ ಅವಳ ಕಡೆ. ಕಚ್ಚೋದು ತಲೆ. ನೀನು ಹೋಗಿ ಕತ್ತರಿ ಕೊಡು."

ಭೀಮರಾಜ್ ಹಿಂದಿನ ಕಿಟಕಿಗೆ ಓಡಿದ, ಜನ ರಸ್ತೆಗೆ ಸರಿದರು. ಸೊಪ್ಪು ತುಂಬುವ ದೊಡ್ಡ ಮಂಕರಿಯನ್ನು ಗಳದ ತುದಿಗೆ ಸಿಕ್ಕಿಸಿ, ಕದಿರಮ್ಮ ಅದನ್ನು ಹೆಡೆಯ ಮೇಲೆ ಬೋರಲಾಗಿ ಇಳಿಸಿದಳು. ಹಾವು ಬುಟ್ಟಿಯ ಒಳಮೈಗೆ ಒಮ್ಮೆ ಹೊಡೆಯಿತು. ಗಳದ ಉದ್ದಕ್ಕೂ ಆ ಏಟು ಅವಳ ಅಂಗೈಗೆ ಬಂತು. ಬುಟ್ಟಿಯೊಳಗಿನ ಕತ್ತಲಿಗೆ ಆಮೇಲೆ ಸುಮ್ಮನಾಯಿತು.

"ಮುನೀ, ಈಗ ಕೂತ್ಕೋ. ನಾನು ಹೊಲಿದಿರೋ ದಾರ ನೋಡು. ಅದನ್ನ ಮುಟ್ಟಬೇಡ, ಅದು ಕೊನೇದು. ಮೊದಲು ಸುತ್ತಾ ಇರೋ ಮಡಿಕೆ."

ಕಿಚ್. ಕಿಚ್. ಕತ್ತರಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಅತ್ತೆ, ಬಸುರಿ ನೆರಳು ಬಿದ್ರೆ ಹಾವಿಗೆ ಕಣ್ಣು ಕಾಣಲ್ವಂತೆ, ನಿಜಾನಾ?" ಕತ್ತರಿ ಆಡಿಸುತ್ತಲೇ ಮುನಿಲಕ್ಷ್ಮಿ ಕೇಳಿದಳು.

"ನಿನ್ನ ನೆರಳು ಅದರ ಬಾಲದ ಮೇಲೆ ಬಿದ್ದೈತೆ ಕಣೇ. ಕಣ್ಣು ನನ್ನ ಕಡೆ ಐತೆ. ನಗಬೇಡ, ಕೈ ಅಲ್ಲಾಡ್ತದೆ."

ಕಿಚ್. ಬಾಲ ಪಟ್ಟೆಂದು ನೆಲಕ್ಕೆ ಬಡಿಯಿತು. ಒಳಗೆ ಕತ್ತರಿ ಬಿದ್ದ ಸದ್ದು. ಕದಿರಮ್ಮ ಗಳವನ್ನು ಇನ್ನಷ್ಟು ಒತ್ತಿ ಹಿಡಿದಳು.

"ಕಾಲ ಮೇಲೆ ಹಾಯ್ತು ಅಷ್ಟೇ," ಎಂದಳು ಮುನಿಲಕ್ಷ್ಮಿ, ಉಸಿರೆಳೆದುಕೊಂಡು. ಕತ್ತರಿ ಮತ್ತೆ ಕೈಗೆತ್ತಿಕೊಂಡಳು. "ಒಂದು ದಾರ ಉಳಿದೈತೆ."

"ಅದನ್ನ ಕತ್ತರಿಸಿ ಹಿಂದಕ್ಕೆ ಹೋಗು. ಗೋಡೆ ಹತ್ರ ಮಣೆ ಮೇಲೆ ನಿಂತು, ಕೈಗೆ ಸಿಕ್ಕಿದ್ದರಲ್ಲಿ ನೆಲ ಬಡಿ. ನಿಲ್ಲಿಸಬೇಡ."

ಕಿಚ್. ಆಮೇಲೆ ಒಳಗಿನಿಂದ ದಬ್ ದಬ್ ಎಂದು ಒರಳುಕಲ್ಲಿನಂತೆ ಸದ್ದು ಶುರುವಾಯಿತು. ಕದಿರಮ್ಮ ಗಳದಿಂದ ಮಂಕರಿಯ ತೋಟದ ಕಡೆಯ ಅಂಚನ್ನು ನಾಲ್ಕು ಬೆರಳಷ್ಟು ಎತ್ತಿ, ಹಿಂದಕ್ಕೆ ಸರಿದು, ಮರದ ಗೊಂಬೆಯಂತೆ ನಿಂತಳು. ಆಗಲೇ ಅವಳಿಗೆ ಕಂಡದ್ದು: ಕೋದಂಡರಾಮಪ್ಪ ರಸ್ತೆಗೆ ಹೋಗಿರಲಿಲ್ಲ. ನೀರಿನ ಡ್ರಮ್ಮಿನ ಹಿಂದೆ ದೊಣ್ಣೆ ಎತ್ತಿ ನಿಂತಿದ್ದ. ಮಾತಾಡುವಂತಿಲ್ಲ, ಕದಲುವಂತಿಲ್ಲ. ಅವಳು ಅವನ ಕಣ್ಣನ್ನೇ ನೋಡಿದಳು. ಅವನೂ ನೋಡಿದ. ಹಾವಿನ ತಲೆ ಮಂಕರಿಯಡಿಯಿಂದ ಹೊರಬಂತು, ಬಲೆಯ ಚೂರು ಉಂಗುರದಂತೆ ಮೈಗೆ ಅಂಟಿಕೊಂಡೇ ಇತ್ತು. ಡ್ರಮ್ಮಿನ ಪಕ್ಕದಲ್ಲೇ ಹರಿಯಿತು. ದೊಣ್ಣೆ ಮೇಲೆಯೇ ಉಳಿಯಿತು. ಹಿಪ್ಪುನೇರಳೆ ಸಾಲಿನೊಳಗೆ ಎಲೆ ಅಲುಗಾಡಿ ನಿಂತ ಮೇಲೆ, ಕದಿರಮ್ಮ ಅಂಗಳದಲ್ಲಿ ಕುಕ್ಕರಿಸಿದಳು.

ಮುನಿಲಕ್ಷ್ಮಿ ಹೊರಬಂದು ಅತ್ತೆಯ ಪಕ್ಕ ಕೂತಳು. ಸೀರೆಗೆಲ್ಲ ಹುಳುಮನೆಯ ನೆಲಕ್ಕೆ ಹಾಕಿದ ಸುಣ್ಣದ ಪುಡಿ. ಕಿರುಬೆರಳ ತುದಿಯಲ್ಲಿ ಒಂದು ಹಣ್ಣುಹುಳು ತಲೆಯೆತ್ತಿ ಜಾಗ ಹುಡುಕುತ್ತಿತ್ತು, ಅವಳಿಗೇ ಗೊತ್ತಿಲ್ಲ.

ಕೋದಂಡರಾಮಪ್ಪ ದೊಣ್ಣೆ ಊರಿಕೊಂಡು ಬಂದ. ಹೊಡೆಯದೆ ಬಿಟ್ಟದ್ದಕ್ಕೆ ಅವನಿಗೇ ನಾಚಿಕೆಯೋ ಏನೋ, ಮಾತು ಚುರುಕಾಗಿತ್ತು. "ಏನಕ್ಕ ನಿನ್ನ ನ್ಯಾಯ? ಕಚ್ಚೋ ಹಾವಿಗೆ ದಾರಿ ಬಿಡ್ತೀಯ. ಕೂಸಿನಂಗೆ ಸಾಕಿದ ಹುಳನ ನೂಲು ತೆಗೆಯೋಕೆ ಬಿಸಿನೀರಿಗೆ ಕಳಿಸ್ತೀಯ."

ಇಷ್ಟು ವರ್ಷ ಹುಳು ಸಾಕಿದ ಕದಿರಮ್ಮನಿಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಉತ್ತರ ಮಾತ್ರ ಎಂದೂ ಸಿಕ್ಕಿರಲಿಲ್ಲ.

"ಗೊತ್ತಿಲ್ಲ ಕಣೋ ಕೋದಂಡ," ಎಂದಳು. "ಇವತ್ತು ಬಾಗಿಲಲ್ಲಿ ಅದಿತ್ತು, ಒಳಗೆ ಇವಳಿದ್ಳು. ಅಷ್ಟೇ ನಂಗೆ ಕಂಡಿದ್ದು. ನೋಡು, ಬಲೆ ತೂತಾಗೈತೆ, ನೊಣ ಬರ್ತದೆ. ಹುಳ ಬೇರೆ ಕಸದಲ್ಲೇ ಸುತ್ತೋಕೆ ಶುರು ಮಾಡ್ಯಾವೆ. ಇವಳನ್ನ ಇನ್ನು ಒಳಗೆ ಬಿಡಲ್ಲ. ಕೈ ಸಾಲಲ್ಲ." ನೀರಿನ ಡ್ರಮ್ಮಿನ ಕಡೆ ಕೈ ತೋರಿಸಿದಳು. "ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳ್ಕೊಂಡು ಬಾ. ಮೊಣಕೈವರೆಗೂ."

ಆತ ದೊಣ್ಣೆಯನ್ನು ಗೋಡೆಗೆ ಒರಗಿಸಿದ. ಬಾಯಲ್ಲಿದ್ದದ್ದನ್ನು ತಿಪ್ಪೆಗೆ ಉಗಿದು, ಉಜ್ಜಿ ಉಜ್ಜಿ ಕೈ ತೊಳೆದು, ಎರಡೂ ಅಂಗೈ ಮುಂದೆ ಚಾಚಿದ. ಕದಿರಮ್ಮ ಬಗ್ಗಿ ಮೂಸಿ ನೋಡಿದಳು.

"ಇನ್ನೊಂದು ಸಲ," ಎಂದಳು.