ಅಧ್ಯಕ್ಷರ ಎಡಗೈ

ನಾನು ನಿಂತಿದ್ದದ್ದು ವೇದಿಕೆಯ ಮೇಲೆ ಕುಳಿತವರ ಎಡಕ್ಕೆ, ಧ್ವನಿವರ್ಧಕದ ಯಂತ್ರವಿಟ್ಟ ಸಣ್ಣ ಮೇಜಿನ ಹಿಂದೆ. ಸಭೆಯಲ್ಲಿ ಕುಳಿತವರಿಗೆ ಅದು ಬಲಗಡೆ. ಧಾರವಾಡದಲ್ಲಿ ನಮ್ಮ ಶಿಕ್ಷಣ ಸಂಸ್ಥೆಯ ಮಹಡಿಯ ಮೇಲಿನ ಸಭಾಭವನ, ಸಂಸ್ಥಾಪನಾ ದಿನ, ಶನಿವಾರ, ಬೆಳಿಗ್ಗೆ ಹನ್ನೊಂದೂವರೆ ದಾಟಿತ್ತು. ನನಗೂ ಅಧ್ಯಕ್ಷರ ಕುರ್ಚಿಗೂ ನಡುವೆ ಇದ್ದದ್ದು ಉದ್ಘಾಟನೆಗೆ ಹಚ್ಚಿದ ದೀಪದ ಕಂಬ ಮಾತ್ರ. ಅದು ತೆಳ್ಳಗಿತ್ತು. ನನ್ನ ಕಣ್ಣಿಗೆ ಹೊಸ ಕನ್ನಡಕವಿತ್ತು.

ನಾನು ಅಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮೈಕು ಮಾತ್ರ ನನ್ನ ಬಳಿಯೇ ಉಳಿದಿತ್ತು. ಸೇರಿದ ವರ್ಷ ಯಾರೋ ಅದರ ಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು, ವಾಪಸು ಕೇಳಲಿಲ್ಲ. ಹೀಗಾಗಿ ಆ ವೇದಿಕೆಯ ಮೇಲೆ ಮಾತಾಡಿದ ಎಲ್ಲರನ್ನೂ ನಾನು ಪಕ್ಕದಿಂದ ನೋಡಿದ್ದೇನೆ.

ನಮ್ಮ ಸಂಸ್ಥಾಪನಾ ದಿನಕ್ಕೆ ಒಂದು ರೂಢಿಯಿತ್ತು. ಹೊರಗೆ ಹೋಗಿ ದೊಡ್ಡ ಕೆಲಸ ಮಾಡಿದ ಒಬ್ಬ ಅನುಭವಿಯನ್ನು ಕರೆಸಿ, ತಂತ್ರಜ್ಞಾನದ ಬಗ್ಗೆ, ನಾಯಕತ್ವದ ಬಗ್ಗೆ, ಸಮಾಜದ ಬಗ್ಗೆ ಅವರು ಕಲಿತ ಪಾಠಗಳನ್ನು ಕೇಳುವುದು. ಹುಬ್ಬಳ್ಳಿಯ ಕಾರ್ಖಾನೆಯ ಮಾಲೀಕರೊಬ್ಬರು, ನಾಯಕನಾದವನು ಮೊದಲು ಕೇಳಿಸಿಕೊಳ್ಳಬೇಕು ಎಂದು ಬಹಳ ಹೊತ್ತು ಹೇಳಿ, ಪ್ರಶ್ನೋತ್ತರ ಶುರುವಾಗುವ ಮೊದಲೇ ಕಾರು ಹತ್ತಿದರು. ಆಣೆಕಟ್ಟು ಕಟ್ಟಿಸಿದ ಎಂಜಿನಿಯರೊಬ್ಬರು, ತಂತ್ರಜ್ಞಾನ ಒಳ್ಳೆಯ ಆಳು, ಕೆಟ್ಟ ಯಜಮಾನ ಎಂದರು. ಮರುವರ್ಷ ಬಂದವರೂ ಅದನ್ನೇ ಹೇಳಿದರು. ಒಬ್ಬ ವಿಜ್ಞಾನಿ, ಹೆಣ್ಣುಮಗಳು, ಬಹಳ ಸಣ್ಣ ಧ್ವನಿ, ನಾನು ಗುಂಡಿಯನ್ನು ಕೊನೆತನಕ ತಿರುಗಿಸಬೇಕಾಯಿತು. ಹೊಸ ಯಂತ್ರ ತಂದ ದಿನವೇ, ಅದು ತಪ್ಪು ಮಾಡಿದಾಗ ತಪ್ಪಾಯಿತು ಎಂದು ಹೇಳುವ ಕೆಲಸ ಯಾರದು ಎಂಬುದನ್ನು ಗೊತ್ತುಮಾಡಿಕೊಳ್ಳಿ ಎಂದರು ಆಕೆ. ಆ ವರ್ಷ ಊಟಕ್ಕೆ ಹೋಳಿಗೆ ಇತ್ತು. ಜನ ನೆನಪಿಟ್ಟದ್ದು ಅದನ್ನು.

ಈ ಎಲ್ಲ ಭಾಷಣಗಳ ಕೊನೆಗೆ ಅಧ್ಯಕ್ಷರು ಎದ್ದು ಮಾತಾಡುತ್ತಿದ್ದರು. ಸಂಸ್ಥೆ ಕಟ್ಟಿದವರು ಅವರೇ. ಹತ್ತಿ ವ್ಯಾಪಾರದ ಮನೆತನ. ಮೊದಲು ಕಟ್ಟಿದ್ದು ನೆಲಮಹಡಿಯ ಕನ್ನಡ ಪ್ರಾಥಮಿಕ ಶಾಲೆ. ಉಳಿದದ್ದೆಲ್ಲ ಅದರ ಮೇಲೆ ಬೆಳೆಯಿತು. ಮುಖ್ಯವಾದದ್ದನ್ನು ಹೇಳುವ ಮೊದಲು ಒಮ್ಮೆ ಕೆಮ್ಮುವುದು ಅವರ ಅಭ್ಯಾಸ. ಅವರ ಆ ಭಾಷಣಗಳಷ್ಟನ್ನೂ ನಾನು ಧ್ವನಿಮುದ್ರಿಸಿ ಇಟ್ಟಿದ್ದೆ, ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ.

ಕೆಲವು ವರ್ಷಗಳಿಂದ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದರು. ಬರುತ್ತಿದ್ದವರು ಹೆಚ್ಚಾಗಿ ಉಪ್ಪಿನಬೆಟಗೇರಿ ಕಡೆಯಿಂದ ಬಂದು ಊರಲ್ಲಿ ಕೆಲಸಕ್ಕಿದ್ದವರ ಮಕ್ಕಳು. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ನಡೆಸುವವರು ನೆಲಮಹಡಿ ಕೇಳಿದರು. ಕಾರ್ಯದರ್ಶಿಗಳಿಗೆ ಕೊಡುವ ಮನಸ್ಸಿತ್ತು. ಕಾರ್ಯದರ್ಶಿಗಳೆಂದರೆ ಅಧ್ಯಕ್ಷರ ಅಣ್ಣನ ಮಗ. ಹುಬ್ಬಳ್ಳಿಯಲ್ಲಿ ವ್ಯಾಪಾರ, ಚುರುಕು ಮನುಷ್ಯ, ದುಷ್ಟರಲ್ಲ. ಆದರೆ ಸಂಸ್ಥೆಯ ನಿಯಮದಲ್ಲಿ, ಅಧ್ಯಕ್ಷರು ಬದುಕಿರುವವರೆಗೆ ಅವರ ಒಪ್ಪಿಗೆಯಿಲ್ಲದೆ ಶಾಲೆಯ ಜಾಗವನ್ನು ಯಾರಿಗೂ ಕೊಡುವಂತಿಲ್ಲ ಎಂದಿತ್ತು. ಅಧ್ಯಕ್ಷರು ಆಡಳಿತ ಮಂಡಳಿಯ ಸಭೆಯಲ್ಲಿ ಕೆಮ್ಮಿ, "ನಾ ಇರೋತನಕ ಸಾಲಿ ಇರತೈತಿ. ಆಮ್ಯಾಲೆ ನೀವು, ನಿಮ್ಮ ಪುಣ್ಯಾ" ಎಂದರು. ಆ ಸಭೆಯ ನಂತರ ಬಂದ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು.

ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಮಾತು ಉಳಿಯಿತು, "ಹೌದ್ರಿ." ಹಸಿವಾದರೂ ಹೌದ್ರಿ, ಸಾಕಾದರೂ ಹೌದ್ರಿ. ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಹೀಗಾಗುವುದುಂಟು, ತಿಳಿಯುವುದೆಲ್ಲ ತಿಳಿಯುತ್ತದೆ, ಹೊರಗೆ ಬರುವುದು ಅದೊಂದೇ ಎಂದರು ಡಾಕ್ಟರು. ಗುರುವಾರ ಸಂಜೆ ನಾನು ಹೋಗಿ ಅವರಿಗೆ ಪೇಪರು ಓದುತ್ತಿದ್ದೆ. ಅವರ ಹೆಂಡತಿ ನನಗೆ ಕೈ ನೋಡುವುದನ್ನು ಕಲಿಸಿದರು. "ಬಾಯಿ ಕೇಳಬ್ಯಾಡ್ರಿ ಸರ, ಬಾಯಿ ಬರೇ ಸಪ್ಪಳ. ಎಡಗೈ ನೋಡ್ರಿ." ಎಡಗೈ ಎದೆಯ ಮೇಲೆ ಬಂದರೆ ಹೂಂ. ಅಂಗೈ ಹೊರಗೆ ಮಾಡಿ ಆಚೆ ಈಚೆ ಆಡಿಸಿದರೆ ಬೇಡ. ಯಾರಾದರೂ ಕಾಲಿಗೆ ನಮಸ್ಕಾರ ಮಾಡಿದರೆ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದೆತ್ತಿ, ಆ ಜೀವವಿಲ್ಲದ ಬಲಗೈಯನ್ನೇ ತಲೆಯ ಮೇಲೆ ಇಡುತ್ತಿದ್ದರು. ಬಲಗೈ ಜಾರುತ್ತಿತ್ತು, ಮತ್ತೆ ಎತ್ತುತ್ತಿದ್ದರು. ಎಡಗೈಯಿಂದ ಆಶೀರ್ವಾದ ಮಾಡುವ ಮನುಷ್ಯ ಅವರಲ್ಲ.

ಆ ವರ್ಷದ ಅತಿಥಿ ಹುಬ್ಬಳ್ಳಿಯಲ್ಲೇ ಓದಿ, ಹೊರದೇಶದಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೆಲಸ ಮಾಡಿದವರು. ಬಹಳ ಮರ್ಯಾದಸ್ಥರು. ಕಾರ್ಯದರ್ಶಿಗಳು ಅವರಿಗೆ, "ಕಾಕಾಗ ಮಾತಾಡಾಕ ಆಗವಲ್ದು. ಕಾಕಾನ ಧ್ವನಿ ಆದ್ರೂ ಆ ದಿನ ಮಾತಾಡ್ಲಿರಿ" ಎಂದು ಕೇಳಿಕೊಂಡಿದ್ದರು. ಅತಿಥಿಗಳು ನನ್ನ ಮನೆಗೆ ಬಂದು ಹಳೆಯ ಧ್ವನಿಮುದ್ರಿಕೆಗಳನ್ನೆಲ್ಲ ತೆಗೆದುಕೊಂಡರು. ಮುಂದೆ ಒಂದು ದಿನ ಫೋನು ಮಾಡಿದರು.

"ಸರ್, ನಡುನಡುವ ಕೆಮ್ಮು ಐತಲ್ರಿ, ಅದನ್ನ ತಗೀಲೇನ್ರಿ?"

"ಇರಲಿ ಬಿಡ್ರಿ. ಅದಿಲ್ಲಂದ್ರ ಅವರಂತ ಯಾರೂ ನಂಬೂದಿಲ್ಲ" ಎಂದೆ.

ಭಾಷಣವನ್ನು ಬರೆದುಕೊಟ್ಟದ್ದು ಕಾರ್ಯದರ್ಶಿಗಳು. ಅತಿಥಿಗಳು ಅದಕ್ಕೆ ಧ್ವನಿ ತುಂಬಿದರು. ಅದರಲ್ಲಿ ಏನಿದೆ ಎಂದು ಅಧ್ಯಕ್ಷರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಕೊಟ್ಟದ್ದು ಒಂದು ಪೆನ್ ಡ್ರೈವ್.

ಆ ದಿನ ಅಧ್ಯಕ್ಷರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಮೆಟ್ಟಿಲು ಹತ್ತಿಸಿದರು. ರುಮಾಲು ಸುತ್ತಿದ್ದರು. ಅವರ ಮುಂದಿನ ಮೇಜಿನ ಮೇಲೆ ಹೂವಿನ ದೊಡ್ಡ ಗುಚ್ಛ, ಒಂದು ಮೈಕು. ಮೈಕು ಬಂದ್ ಇತ್ತು. ಅತಿಥಿಗಳು ಅವರ ಬಲಕ್ಕೆ ಕುಳಿತಿದ್ದರು. ಕಾರ್ಯದರ್ಶಿಗಳು ಅವರ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದರು. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುವ ಬಾಯಿಯವರು ಶಾಲು ಮತ್ತು ಹಣ್ಣಿನ ತಾಟು ಹಿಡಿದು ಹಿಂದೆ ನಿಂತಿದ್ದರು. ವಿಡಿಯೋ ತೆಗೆಯುವವನು ನನ್ನ ಪಕ್ಕದಲ್ಲೇ ಕ್ಯಾಮೆರಾ ಹೂಡಿದ್ದ. ಅತಿಥಿಗಳು, ಯಂತ್ರವು ಮನುಷ್ಯನ ದನಿಯನ್ನು ಕಸಿಯಬಾರದು, ದನಿ ಇಲ್ಲದವರಿಗೆ ದನಿ ಕೊಡಬೇಕು ಎಂದು ಚೆನ್ನಾಗಿ ಮಾತಾಡಿದರು. ಆಮೇಲೆ ಪರದೆಯ ಮೇಲೆ ಅಧ್ಯಕ್ಷರ ಹಳೆಯ ಭಾವಚಿತ್ರ ಬಂತು, ಮತ್ತು ಅವರ ಧ್ವನಿ.

ಧ್ವನಿ ಅವರದೇ. ಶಾಲೆ ಕಟ್ಟಿದ ದಿನಗಳನ್ನು ನೆನೆಸಿತು, ತೀರಿಹೋದ ಮಾಸ್ತರರನ್ನು ನೆನೆಸಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಧ್ಯಕ್ಷರು ತಲೆ ಬಾಗಿಸಿ, ಬೇರೆ ಯಾರೋ ಹಿರಿಯರ ಮಾತು ಕೇಳುವ ಹಾಗೆ ಕೇಳುತ್ತಿದ್ದರು. ಆಮೇಲೆ ಧ್ವನಿ ಕೆಮ್ಮಿತು. ಸರಿಯಾದ ಜಾಗದಲ್ಲಿ ಕೆಮ್ಮಿತು. ಬದಲಾದ ಕಾಲಕ್ಕೆ ತಕ್ಕಂತೆ ಕನ್ನಡ ಪ್ರಾಥಮಿಕ ಶಾಲೆಯ ಜಾಗವನ್ನು ತರಬೇತಿ ಕೇಂದ್ರಕ್ಕೆ ಬಿಟ್ಟುಕೊಡಲು ನನ್ನ ಪೂರ್ಣ ಮನಸ್ಸಿನ ಒಪ್ಪಿಗೆ ಇದೆ, ಎಂದಿತು. ನನ್ನ ಬಳಿಯಿರುವ ಯಾವ ಧ್ವನಿಮುದ್ರಿಕೆಯಲ್ಲೂ ಅವರು ಪೂರ್ಣ ಮನಸ್ಸಿನ ಒಪ್ಪಿಗೆ ಎಂದು ಹೇಳಿದ್ದಿಲ್ಲ. ಬಹಳ ಖುಷಿಯಾದಾಗ, "ನೋಡೋಣಂತ" ಎನ್ನುತ್ತಿದ್ದರು.

ಅಧ್ಯಕ್ಷರ ತಲೆ ಮೇಲೆದ್ದಿತು. ಎಡಗೈ ಮೇಜಿನ ಕೆಳಗಿನಿಂದ ಬಂದು ಎದೆಯ ಎತ್ತರಕ್ಕೆ ಏರಿತು. ಅಂಗೈ ಸಭೆಯ ಕಡೆಗಿತ್ತು. ಅದು ಆಚೆ ಈಚೆ ಆಡಿತು, ನಿಂತು, ಮತ್ತೆ ಆಡಿತು. ಸಭೆಯವರಿಗೆ ಹೂಗುಚ್ಛದ ಮೇಲೆ ಬೆರಳುಗಳ ತುದಿ ಕಂಡಿರಬೇಕು. ಅವರ ತುಟಿಗಳು ಆಡುತ್ತಿದ್ದವು. ಧ್ವನಿ ಮುಂದುವರಿಯುತ್ತಲೇ ಇತ್ತು.

ಅವರ ಮಾತನ್ನು ಅವರ ಧ್ವನಿಯೇ ಮುಚ್ಚುತ್ತಿದೆ ಎಂದು ನನಗೆ ಅನ್ನಿಸಿತು, ಬೇರೆ ಏನೂ ನೆನಪಾಗಲಿಲ್ಲ. ಯಂತ್ರದ ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿದೆ. ಅಧ್ಯಕ್ಷರ ಮುಂದಿನ ಮೈಕಿನ ಗುಂಡಿಯನ್ನು ಪೂರ್ತಿ ಏರಿಸಿದೆ. ಸಭಾಭವನ ತುಂಬ ಅವರ ನಿಜವಾದ ದನಿ ಕೇಳಿಸಿತು.

"ಹೌದ್ರಿ. ಹೌದ್ರಿ. ಹೌದ್ರಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಧ್ಯಕ್ಷರ ಹೆಂಡತಿ ಮುಂದಿನ ಸಾಲಿನಿಂದ ಎದ್ದು, "ಬ್ಯಾಡ ಅನ್ನಾಕತ್ತಾರ, ಇವರು ಬ್ಯಾಡ ಅನ್ನಾಕತ್ತಾರ" ಎಂದರು. ಪಕ್ಕದಲ್ಲಿದ್ದ ಹಿರಿಯ ಹೆಂಗಸು ಅವರ ಕೈ ಹಿಡಿದು, "ಹೌದವಾ, ನನಗೂ ಕಣ್ಣಾಗ ನೀರ ಬಂತು" ಎಂದರು. ಕಾರ್ಯದರ್ಶಿಗಳು ಮುಂದೆ ಬಂದು ಕಾಕಾನ ಕಾಲಿಗೆ ತಲೆ ಮುಟ್ಟಿಸಿದರು. ಬಹಳ ಹೊತ್ತು ಹಾಗೇ ಇದ್ದರು. ಅಧ್ಯಕ್ಷರ ಬಲಗೈ ಮಡಿಲಲ್ಲೇ ಇತ್ತು. ಎಡಗೈ ಅದನ್ನು ಎತ್ತಲಿಲ್ಲ.

ಕೆಳಗೆ ಶಾಲೆಯ ವರಾಂಡದಲ್ಲಿ ಊಟ. ಅತಿಥಿಗಳು ತಾಟು ಹಿಡಿದು ನನ್ನ ಬಳಿ ಬಂದು, "ಸರ್, ಅವರು ಬ್ಯಾಡ ಅಂದಂಗ ಕಂಡ್ತು ನನಗ. ನಿಮಗ?" ಎಂದರು. ಹಾಗೇ ಕಂಡಿತೆಂದೆ. ಅವರು ತಾಟು ಕೆಳಗಿಟ್ಟರು. ಗೋವೆಯಿಂದ ವಿಮಾನವಿತ್ತು, ಹೋದರು. ನಾನು ಕಾರ್ಯದರ್ಶಿಗಳ ಬಳಿ ಹೋದೆ.

"ಸರ, ಮೈಕ್ ಏರಿಸಿದವರು ಯಾರು?" ಎಂದರು.

"ನಾನ."

"ಹೌದ್ರಿ ಅಂದ್ರೋ ಇಲ್ಲೋ?"

"ಅವರಿಗೆ ಉಳದಿದ್ದು ಅದೊಂದ ಮಾತು, ನಿಮಗೂ ಗೊತ್ತೈತಿ."

"ಒಂದ ಮಾತು ಉಳದೈತಿ, ಅದೂ ಹೌದು ಅಂತ ಉಳದೈತಿ. ದೇವರ ಇಟ್ಟಿದ್ದು. ನೀವು ಮತ್ತೀಟು ಚಪಾತಿ ಹಾಕಸ್ಕೊಳ್ರಿ."

ಮುಂದಿನ ಗುರುವಾರ ನಾನು ಹಟ ಹಿಡಿದು ಕಾರ್ಯದರ್ಶಿಗಳನ್ನು ಅಧ್ಯಕ್ಷರ ಮನೆಗೆ ಕರೆಸಿದೆ. ಅವರ ಎದುರಿಗೇ ಕೇಳಿದೆ. "ಸಾಲಿ ಜಾಗಾ ಕೊಡೂಣೇನ್ರಿ?" ಹೌದ್ರಿ ಎಂದರು ಅಧ್ಯಕ್ಷರು, ಎಡಗೈ ಆಚೆ ಈಚೆ ಆಡಿತು. "ಸಾಲಿ ಅಲ್ಲೇ ಇರಲೇನ್ರಿ?" ಹೌದ್ರಿ ಎಂದರು, ಎಡಗೈ ಎದೆಯ ಮೇಲೆ ಬಂದು ಅಲ್ಲೇ ಉಳಿಯಿತು. ಕಾರ್ಯದರ್ಶಿಗಳು ಎರಡನ್ನೂ ಸರಿಯಾಗಿ ನೋಡಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದರು, "ಸರ, ಮಂಡಳಿ ಠರಾವಿನ್ಯಾಗ ಮಾತು ಬರಕೊಳ್ಳಾಕ ಬರತೈತಿ. ಕೈ ಹೆಂಗ ಬರಕೊಳ್ಳೂದು?" ಅವರು ಚೇಷ್ಟೆ ಮಾಡುತ್ತಿರಲಿಲ್ಲ.

ಅಧ್ಯಕ್ಷರು ಒಪ್ಪಿದ್ದಾರೆಂದು ಬರೆದುಕೊಂಡು, ಜಾಗ ಕೊಡಲು ಮಂಡಳಿಯ ಠರಾವು ಆಯಿತು. ಮಳೆಗಾಲಕ್ಕೆ ಮೊದಲು ಅಧ್ಯಕ್ಷರು ತೀರಿಕೊಂಡರು. ಶಾಲೆಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಹಂಚಿದರು. ನೆಲಮಹಡಿಯಲ್ಲಿ ಈಗ ದೊಡ್ಡ ಹುಡುಗರು ಸಣ್ಣ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕುಳಿತು ಸಾಮಾನ್ಯ ಜ್ಞಾನ ಓದುತ್ತಾರೆ. ಅಧ್ಯಕ್ಷರ ಧ್ವನಿ ಮಾತ್ರ ಸಂಸ್ಥಾಪನಾ ದಿನಕ್ಕೆ ತಪ್ಪದೆ ಬರುತ್ತದೆ. ಸತ್ತ ಮೇಲೆ ಅದು ಬಹಳ ವಿಷಯಗಳಲ್ಲಿ ಅಭಿಪ್ರಾಯ ಹೇಳತೊಡಗಿದೆ. ಈ ಸಲ ನಾಯಕತ್ವದ ಬಗ್ಗೆ ಹೇಳಿತೆಂದು ಕೇಳಿದೆ. ನಾನು ಮೈಕಿನ ಕೀಲಿಯನ್ನು ಕಚೇರಿಗೆ ಕೊಟ್ಟು ಬಂದಿದ್ದೇನೆ.

ಅಧ್ಯಕ್ಷರ ಹೆಂಡತಿ ಸುಮ್ಮನಾಗಲಿಲ್ಲ. ಠರಾವು ರದ್ದಾಗಲಿ, ಶಾಲೆ ತಿರುಗಿ ತೆರೆಯಲಿ ಎಂದು ತಕರಾರು ಹಾಕಿದ್ದಾರೆ. ಅವರ ವಕೀಲರು ನನ್ನನ್ನು ಕರೆಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, "ವಿಡಿಯೋದಾಗ ಬರೇ ಭಾವಚಿತ್ರ ಐತ್ರಿ, ಹೌದ್ರಿ ಅನ್ನೂದೈತಿ, ಚಪ್ಪಾಳಿ ಐತಿ. ಕೈ ಇಲ್ಲ. ನೀವೊಬ್ಬರ ಹೇಳಿದ್ರ ಸಾಲೂದಿಲ್ಲ. ಮತ್ತ್ಯಾರು ನೋಡ್ಯಾರ? ಅವರಾಗ ಈಗ ಯಾರ್ಯಾರ ಇದ್ದಾರ?" ಎಂದರು. ನಾನು ಮನೆಗೆ ಬಂದು, ನಡುನಡುವೆ ಎದ್ದು ಹೋಗಿ ನೀರು ಕುಡಿದು, ಇದನ್ನು ಬರೆದೆ.

ನೋಡಿದವರು, ಮತ್ತು ಈಗಲೂ ಇರುವವರು ಇವರು. ಅತಿಥಿಗಳು, ಹೊರದೇಶದಲ್ಲಿದ್ದಾರೆ. ನೋಡಿದ್ದು ನಿಜ ಎಂದು ಒಮ್ಮೆ ನನಗೆ ಬರೆದರು, ಆಮೇಲೆ ಬರೆದಿಲ್ಲ. ನಾಲ್ಕನೆಯ ಇಯತ್ತೆಯ ಬಾಯಿಯವರು. ಗರಗದ ಕಡೆ ಒಂದು ಶಾಲೆಯಲ್ಲಿದ್ದಾರೆ. "ನೋಡೇನ್ರಿ ಸರ, ಆದ್ರ ನನ್ನ ಕೇಳಬ್ಯಾಡ್ರಿ" ಎಂದಿದ್ದಾರೆ. ವಿಡಿಯೋ ತೆಗೆದವನು; ಹುಬ್ಬಳ್ಳಿಯಲ್ಲಿ ಅಂಗಡಿ ಇದೆ. ಕ್ಯಾಮೆರಾವನ್ನು ಪರದೆಯ ಕಡೆ ತಿರುಗಿಸಿಟ್ಟು ತಾನು ವೇದಿಕೆ ನೋಡುತ್ತಿದ್ದ. ಬಂದು ಹೇಳುತ್ತೇನೆ ಎಂದಿದ್ದಾನೆ. ಅಧ್ಯಕ್ಷರ ಹೆಂಡತಿ. ಮತ್ತು ಕಾರ್ಯದರ್ಶಿಗಳು. ಎಲ್ಲರಿಗಿಂತ ಹತ್ತಿರ ನಿಂತಿದ್ದವರು ಅವರೇ, ಅವರೂ ಇದ್ದಾರೆ.