ಪಕ್ಕದವಳ ಉಸಿರು

ನನ್ನ ದೊಡ್ಡಮ್ಮ ಇಪ್ಪತ್ತೆರಡು ವರ್ಷ ಒಂದು ಗಾಯನ ವೃಂದದಲ್ಲಿ ಹಾಡಿದಳು. ಸ್ವರಲಿಪಿ ಓದಲು ಮಾತ್ರ ಬರುತ್ತಿರಲಿಲ್ಲ. ಐದೈದು ಗೆರೆ, ಅವುಗಳ ಮೇಲೆ ಕಪ್ಪು ಚುಕ್ಕೆಗಳಿದ್ದ ಹಾಳೆಯನ್ನು ಎಲ್ಲರಂತೆ ಎದೆಮಟ್ಟಕ್ಕೆ ಹಿಡಿಯುತ್ತಿದ್ದಳು, ಪಕ್ಕದವಳು ತಿರುವಿದಾಗ ತಾನೂ ತಿರುವುತ್ತಿದ್ದಳು. ಗುಂಪಿನಲ್ಲಿ ಗೋವಿಂದ. ಪಕ್ಕದಲ್ಲಿ ನಿಲ್ಲುತ್ತಿದ್ದವಳು ಒಬ್ಬ ಟೈಪಿಸ್ಟ್. ಅವಳು ಹಾಡಿದ್ದನ್ನು ಕಿವಿಯಲ್ಲಿ ಹಿಡಿದು, ಕೂದಲೆಳೆಯಷ್ಟು ಹಿಂದೆ ದೊಡ್ಡಮ್ಮ ಹಾಡುತ್ತಿದ್ದಳು.

ಹಗಲೆಲ್ಲ ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ. ಸಂಜೆ ಊದಿದ ಕಾಲಲ್ಲಿ ಮತ್ತೆ ಎರಡು ಗಂಟೆ ನಿಂತು ಹಾಡುವುದು. "ಮನೇಲಿ ತೆಪ್ಪಗೆ ಕೂತ್ಕೋಬಾರ್ದಾ?" ಎಂದು ಅಮ್ಮ ಗದರಿದರೆ, "ಅದೊಂದು ಇರೋದಕ್ಕೇ ಬೆಳಿಗ್ಗೆ ಏಳ್ತೀನಿ ಕಣೇ" ಎನ್ನುತ್ತಿದ್ದಳು. ನಾನು ಅದನ್ನು ಬರೀ ಹಟ ಅಂದುಕೊಂಡಿದ್ದೆ.

ಕಳೆದ ವರ್ಷ ಟೈಪಿಸ್ಟ್ ತೀರಿಕೊಂಡಳು. ಅದೇ ತಿಂಗಳು ಹೊಸ ಮೇಷ್ಟ್ರು ಬಂದರು. ಹಾಡಿಸುತ್ತಾ ಸಾಲಿನುದ್ದಕ್ಕೂ ನಡೆದು, ಒಬ್ಬೊಬ್ಬರ ಬಾಯಿಯ ಬಳಿ ಕಿವಿಯಿಟ್ಟು ಕೇಳುವ ಆಸಾಮಿ. ದೊಡ್ಡಮ್ಮನ ಮುಂದೆ ನಿಂತೇಬಿಟ್ಟರು.

"ಪದದ ನಡುವೆ ಯಾಕಮ್ಮಾ ಉಸಿರು ತಗೋತೀರಿ? ಸಾಲು ಮುಗಿದ ಮೇಲಲ್ವಾ ಉಸಿರಿನ ಗುರುತಿರೋದು?"

"ಅವಳು ಅಲ್ಲೇ ತಗೋತಿದ್ಲು ಸಾರ್."

ಟೈಪಿಸ್ಟಿಗೆ ಉಬ್ಬಸ. ಅವಳಿಗೆ ಎಲ್ಲೆಲ್ಲಿ ದಮ್ಮು ಹತ್ತುತ್ತಿತ್ತೋ ಅಲ್ಲೆಲ್ಲ ಗಟ್ಟಿಮುಟ್ಟಾದ ದೊಡ್ಡಮ್ಮನೂ ನಿಂತು ಉಸಿರೆಳೆಯುತ್ತಿದ್ದಳು. ಹಾಡು ಇರುವುದೇ ಹಾಗೆ ಎಂದು ನಂಬಿದ್ದಳು. ಬಂಡವಾಳ ಬಯಲಾಯಿತು. ಮೇಷ್ಟ್ರು ಬೈಯಲಿಲ್ಲ, ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ಹೊಸ ಹಾಳೆಯೊಂದನ್ನು ಒಬ್ಬಳೇ ಓದಿ ಹಾಡಬೇಕು, ಇಲ್ಲವಾದರೆ ಜಾಗ ಬಿಡಬೇಕು.

ಮೇಷ್ಟ್ರ ಬಳಿಯೇ ಕಲಿಯಲು ದಿನಾ ಅರ್ಧ ಗಂಟೆ ಮುಂಚೆ ಹೋಗತೊಡಗಿದಳು. ಮೊದಲ ಪಾಠ ಉಸಿರಿನದು. ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ದಪ್ಪ ಪುಸ್ತಕವಿಟ್ಟು, "ಭುಜ ಅಲ್ಲ, ಪುಸ್ತಕ ಮೇಲೇಳ್ಬೇಕು" ಎಂದರು. ಪುಸ್ತಕ ಚೆನ್ನಾಗಿಯೇ ಎದ್ದು ಇಳಿಯಿತು, ಗೊರಕೆಯ ಸಮೇತ. ಮಲಗಿದ್ದೇ ತಡ, ನಿದ್ದೆ ಹೋಗಿದ್ದಳು. ಮೇಷ್ಟ್ರು ಎಬ್ಬಿಸಲಿಲ್ಲ. ಆಮೇಲೆ, "ಉಸಿರಾಟವೇನೋ ಸರಿಯಾಗಿತ್ತು" ಎಂದರಂತೆ.

ಚುಕ್ಕೆಗಳು ಮಾತ್ರ ಕಬ್ಬಿಣದ ಕಡಲೆ. ಚುಕ್ಕೆ ಮೇಲಿನ ಗೆರೆ ಹತ್ತಿದರೆ ದನಿ ಏರಬೇಕು, ಇಳಿದರೆ ಇಳಿಯಬೇಕು. ಕಪ್ಪು ಚುಕ್ಕೆಗೆ ಒಂದು ಎಣಿಕೆ, ಬಾಲವಿರುವ ಟೊಳ್ಳು ಚುಕ್ಕೆಗೆ ಎರಡು. ಎಣಿಸುತ್ತಲೇ ಇಸ್ತ್ರಿ ಹಾಕಿ ಒಂದು ಹಾಸುಬಟ್ಟೆ ಸುಟ್ಟು ಬೈಸಿಕೊಂಡಳು. ಪಾಠದಲ್ಲಿ ಮೇಷ್ಟ್ರೂ ದನಿಗೂಡಿಸುತ್ತಿದ್ದರು. ಮನೆಗೆ ಬಂದು ಹಾಡಿಕೊಳ್ಳುವಷ್ಟು ತ್ರಾಣ ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಗಡುವಿನ ದಿನ ನಾನೂ ಜೊತೆಗೆ ಹೋದೆ. ಖಾಲಿ ಕೋಣೆಯಲ್ಲಿ ನಿಂತು, ಹಾಳೆಯ ಮೇಲೆ ಬೆರಳಿಟ್ಟು, ನಿಧಾನವಾಗಿ ನಾಲ್ಕು ಸಾಲು ಹಾಡಿದಳು. ಒಂದೂ ತಪ್ಪಿಲ್ಲ. ಉಸಿರು ಸಾಲಿನ ಕೊನೆಗೇ.

"ನಿಮ್ಮ ಜಾಗ ನಿಮ್ದೇ ಕಣಮ್ಮಾ" ಎಂದರು ಮೇಷ್ಟ್ರು.

ನನಗಂತೂ ಖುಷಿ ತಡೆಯಲಾಗಲಿಲ್ಲ. ದೊಡ್ಡಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ಮುಖದಲ್ಲಿ ನಗುವಿರಲಿಲ್ಲ.

"ಯಾಕೆ ದೊಡ್ಡಮ್ಮ, ಗೆದ್ಯಲ್ಲ!"

"ಇಷ್ಟು ವರ್ಷ ನನ್ನ ದನಿ ಒಂದನ್ನೇ ನಾನು ಕೇಳಿರ್ಲಿಲ್ಲ ಕಣೇ" ಎಂದಳು. "ಯಾವಾಗ್ಲೂ ಅವಳದರ ಜೊತೇಲೇ ಕೇಳಿದ್ದು. ಚೆನ್ನಾಗಿದೆ ಅನ್ಕೊಂಡಿದ್ದೆ. ಚೆನ್ನಾಗಿದ್ದದ್ದು ಅವಳದು."

ಅಷ್ಟರಲ್ಲಿ ಉಳಿದವರು ಬಂದು ಸಾಲಾಗಿ ನಿಂತರು. ಅವಳೂ ಮೊಣಕಾಲಿಗೆ ಕೈಯೂರಿ ಎದ್ದು, ಹೋಗಿ ತನ್ನ ಜಾಗದಲ್ಲಿ ನಿಂತಳು.